ಮುಂಬಯಿಯ ಕಲಾಸಂಗ್ರಹಗಳಲ್ಲಿ ಕನ್ನಡನಾಡು: ಬಂದ ಶಿಲೆ, ಬಂದ ಜನ

1. ಪ್ರವೇಶ

ಮುಂಬಯಿಗೆ ಬಂದವರು ನೋಡುವ ಸ್ಥಳಗಳ ಪಟ್ಟಿ ಬಹುಕಾಲದಿಂದ ಹೆಚ್ಚು ಬದಲಾಗಿಲ್ಲ. ಗೇಟ್‌ವೇ ಆಫ್ ಇಂಡಿಯಾ, ಅಲ್ಲಿಂದ ದೋಣಿ ಹತ್ತಿ ಘಾರಾಪುರಿಯ ಗುಹೆಗಳು, ಮರೈನ್ ಡ್ರೈವ್, ಬೋರಿಬಂದರಿನ ರೈಲುನಿಲ್ದಾಣ ಇವು ಆ ಪಟ್ಟಿಯ ಮುಖ್ಯ ನಮೂದುಗಳು. ಗೇಟ್‌ವೇಗೆ ಕೂಗಳತೆಯಲ್ಲೇ ಇರುವ ದೊಡ್ಡ ವಸ್ತುಸಂಗ್ರಹಾಲಯವೂ ಇದರಲ್ಲಿ ಸೇರುತ್ತದೆ. ಆದರೆ ಬಹುಮಟ್ಟಿಗೆ ಅದು ಹೊರಗಿನಿಂದ ಕಾಣುವ ಗುಮ್ಮಟವಾಗಿ ಸೇರುತ್ತದೆ. ಅದರ ಸುತ್ತಮುತ್ತ ಹಾಗೂ ನಗರದ ಬೇರೆ ಭಾಗಗಳಲ್ಲಿ ಇರುವ ಸಣ್ಣ ದೊಡ್ಡ ಸಂಗ್ರಹಗಳು, ಚಿತ್ರಶಾಲೆಗಳು, ವಿದ್ವತ್ಸಂಸ್ಥೆಗಳ ಕೋಣೆಗಳು ಪ್ರವಾಸಿಗಳ ಗಮನಕ್ಕೆ ಬರುವುದೇ ಅಪರೂಪ. ಕನ್ನಡ ಸಂಶೋಧಕರ ಗಮನಕ್ಕೂ ಅವು ಬರಬೇಕಾದಷ್ಟು ಬಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಈ ಸಂಗ್ರಹಗಳಲ್ಲಿ ಕನ್ನಡನಾಡು ಎರಡು ಬಗೆಯಲ್ಲಿ ಹಾಜರಿದೆ. ಒಂದು, ಮುಂಬಯಿ ಇಲಾಖೆಯ ಆಡಳಿತದ ದಾರಿಯಲ್ಲಿ ಇಲ್ಲಿಗೆ ಬಂದ ಶಿಲ್ಪ ಮೊದಲಾದ ವಸ್ತುಗಳ ಮೂಲಕ. ಎರಡು, ಕಲಿಕೆಗಾಗಿ, ಜೀವನೋಪಾಯಕ್ಕಾಗಿ ಇಲ್ಲಿಗೆ ಬಂದ ಕಲಾವಿದರ ಮೂಲಕ. ಮೊದಲನೆಯ ಬಗೆಯ ವಸ್ತುಗಳ ಪಕ್ಕದ ವಿವರಣಪಟ್ಟಿಯಲ್ಲಿ ಸಾಮಾನ್ಯವಾಗಿ ಊರ ಹೆಸರಿರುತ್ತದೆ, ಮಾಡಿದವನ ಹೆಸರಿರುವುದಿಲ್ಲ. ಎರಡನೆಯ ಬಗೆಯ ಚಿತ್ರಗಳ ಪಕ್ಕದಲ್ಲಿ ಮಾಡಿದವನ ಹೆಸರಿರುತ್ತದೆ, ಊರ ಹೆಸರಿರುವುದಿಲ್ಲ. ಈ ಎರಡು ಕೊರತೆಗಳನ್ನು ತುಂಬುವ ಕೆಲಸ ಹೊರನಾಡ ಕನ್ನಡ ಸಂಶೋಧಕರಿಗೆ ಸಹಜವಾಗಿ ಸಲ್ಲುವಂಥದು ಎಂಬುದನ್ನು ಮುಂಬಯಿಯ ಕೆಲವು ಸಂಗ್ರಹಗಳ ಚರಿತ್ರೆಯ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದರಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಏಳಬಹುದು. ಸುಮಾರು ಕ್ರಿ.ಶ. 850ರ ಕವಿರಾಜಮಾರ್ಗಕ್ಕೆ ಹಿಂದಿನ ಯಾವ ಕನ್ನಡ ಕೃತಿಯೂ ನಮಗೆ ಪೂರ್ಣವಾಗಿ ಉಳಿದುಬಂದಿಲ್ಲ. ಬಾದಾಮಿ ಚಾಲುಕ್ಯರ ಕಾಲದಿಂದ ನಮಗೆ ದೊರೆತಿರುವುದು ಶಾಸನಗಳು ಮಾತ್ರ. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ ರಚಿಸಿದ ಕ್ರಿ.ಶ. 634ರ ಪ್ರಶಸ್ತಿ ಸಂಸ್ಕೃತದಲ್ಲಿದೆ. ಕನ್ನಡದಲ್ಲಿ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಗಳಂಥ ಕೆಲವೇ ತುಣುಕುಗಳಿವೆ. ಹೀಗಿರುವಾಗ ಆ ಎರಡು ಶತಮಾನಗಳಲ್ಲಿ ಪುರಾಣಗಳನ್ನೂ ಇತಿಹಾಸಕಾವ್ಯಗಳನ್ನೂ ಈ ನಾಡಿನ ಜನ ಹೇಗೆ ಕಲ್ಪಿಸಿಕೊಂಡಿದ್ದರು, ಯಾವ ಪ್ರಸಂಗಗಳನ್ನು ಆರಿಸಿಕೊಂಡಿದ್ದರು ಎಂಬುದಕ್ಕೆ ಶಿಲ್ಪಗಳೇ ಮುಖ್ಯ ಸಾಕ್ಷ್ಯ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಕಂಬಗಳ ಮೇಲಿನ ರಾಮಾಯಣ, ಮಹಾಭಾರತದ ಸಾಲುಗಳು ಇದಕ್ಕೆ ಒಳ್ಳೆಯ ನಿದರ್ಶನ. ಆದ್ದರಿಂದ ಒಂದು ಶಿಲ್ಪಫಲಕ ತನ್ನ ಮೂಲಸ್ಥಾನದಿಂದ ಬೇರ್ಪಟ್ಟು ದೂರದ ಊರಿನಲ್ಲಿದೆಯೆಂದರೆ, ಸಾಹಿತ್ಯಚರಿತ್ರೆಯ ಒಂದು ಗರಿ ಕಟ್ಟಿನಿಂದ ಕಳಚಿ ಬೇರೊಂದು ಭಂಡಾರದಲ್ಲಿದೆ ಎಂದೇ ತಿಳಿಯಬೇಕು. ಬಿಡಿಗರಿಯನ್ನು ಕಂಡ ಗ್ರಂಥಸಂಪಾದಕ ಮೊದಲು ಕೇಳುವ ಪ್ರಶ್ನೆ ಅದು ಯಾವ ಕಟ್ಟಿನದು, ಅದರ ಹಿಂದು ಮುಂದಿನ ಗರಿಗಳೆಲ್ಲಿ ಎಂಬುದು. ಅದೇ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕಾಗಿದೆ.

2. ಶಿಲೆ ಬಂದ ದಾರಿ

1818ರಲ್ಲಿ ಪೇಶವೆಯರ ಆಳ್ವಿಕೆ ಕೊನೆಗೊಂಡ ತರುವಾಯ ಉತ್ತರದ ಕನ್ನಡ ಪ್ರದೇಶಗಳು ಬ್ರಿಟಿಷರ ಕೈಸೇರಿ, ಮುಂದೆ ಮುಂಬಯಿ ಇಲಾಖೆಯ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳಾದವು. 1862ರಲ್ಲಿ ಉತ್ತರ ಕನ್ನಡವೂ ಮದರಾಸು ಇಲಾಖೆಯಿಂದ ಮುಂಬಯಿಗೆ ವರ್ಗವಾಯಿತು. ಈ ಜಿಲ್ಲೆಗಳ ಕಂದಾಯ, ನ್ಯಾಯ, ಶಿಕ್ಷಣಗಳ ಮೇಲಿನ ಅಧಿಕಾರದಂತೆ ಅವುಗಳ ಪ್ರಾಚೀನ ಅವಶೇಷಗಳ ಮೇಲಿನ ಅಧಿಕಾರವೂ ಮುಂಬಯಿ ಸರಕಾರದ್ದಾಯಿತು.

ಕನ್ನಡ ಜಿಲ್ಲೆಗಳ ಕುರಿತ ಆಧುನಿಕ ವಿದ್ವತ್ತಿನ ಬಹುಭಾಗ ಈ ಸಂಬಂಧದಿಂದಲೇ ಹುಟ್ಟಿತು. ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪವನ್ನು ಕುರಿತ ಛಾಯಾಚಿತ್ರ ಸಂಪುಟವೂ ಬಿಜಾಪುರದ ವಾಸ್ತುವನ್ನು ಕುರಿತ ಇನ್ನೊಂದು ಸಂಪುಟವೂ 1866ರಲ್ಲಿ ಹೊರಬಂದವು. ಎರಡಕ್ಕೂ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ವಿವರಣೆ ಬರೆದರು. 1872ರಲ್ಲಿ ಜೇಮ್ಸ್ ಬರ್ಜೆಸ್ ಮುಂಬಯಿಯಲ್ಲಿ ಇಂಡಿಯನ್ ಆ್ಯಂಟಿಕ್ವರಿ ಪತ್ರಿಕೆಯನ್ನು ಆರಂಭಿಸಿದರು. ಜೆ.ಎಫ್. ಫ್ಲೀಟರು ಓದಿದ ಅನೇಕ ಕನ್ನಡ ಶಾಸನಗಳು ಅದರ ಪುಟಗಳಲ್ಲಿ ಬೆಳಕು ಕಂಡವು. ಪಶ್ಚಿಮ ಭಾರತದ ಪುರಾತತ್ತ್ವ ಸರ್ವೇಕ್ಷಣೆಯ ಮೊದಲ ಋತುವಿನ ಕೆಲಸ ನಡೆದದ್ದೇ 1874ರಲ್ಲಿ, ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ. 1882ರಲ್ಲಿ ಫ್ಲೀಟರ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಪ್ರಕಟವಾಯಿತು. ಹೆನ್ರಿ ಕಸಿನ್ಸರ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥ ಬಂದದ್ದು 1926ರಲ್ಲಿ. ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ಮುಂಬಯಿ ಸರಕಾರ ಸ್ಥಾಪಿಸಿದ್ದು 1939ರಲ್ಲಿ. ಕರ್ನಾಟಕ ವಿಶ್ವವಿದ್ಯಾಲಯವೂ 1949ರಲ್ಲಿ ಮೊದಲು ಮುಂಬಯಿಯಲ್ಲಿಯೇ ಕಾರ್ಯಾರಂಭ ಮಾಡಿ ಮರುವರ್ಷ ಧಾರವಾಡಕ್ಕೆ ಬಂದಿತೆಂಬುದನ್ನು ಇಂದು ನೆನೆಯುವವರು ಕಡಿಮೆ. ಅಂದರೆ, ಆ ಜಿಲ್ಲೆಗಳ ಪುರಾತತ್ತ್ವವನ್ನು ಆ ಜಿಲ್ಲೆಗಳಲ್ಲಿಯೇ ಕುಳಿತು ಅಭ್ಯಸಿಸುವ ಒಂದು ಕನ್ನಡ ಸಂಸ್ಥೆ ರೂಪುಗೊಳ್ಳುವ ಹೊತ್ತಿಗೆ ಮುಂಬಯಿಯ ಸಂಗ್ರಹಗಳು ಆಗಲೇ ಬೆಳೆದು ನಿಂತಿದ್ದವು.

ಇಂದು ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯವೆಂದು ಕರೆಯಲಾಗುವ ಸಂಸ್ಥೆ ಅವುಗಳಲ್ಲಿ ಪ್ರಮುಖವಾದದ್ದು. ಮುಂದೆ ಐದನೆಯ ಜಾರ್ಜ್ ಎನಿಸಿದ ಅಂದಿನ ಯುವರಾಜ 1905ರ ನವೆಂಬರಿನಲ್ಲಿ ಇದರ ಅಡಿಗಲ್ಲನ್ನಿಟ್ಟ. ಸ್ಪರ್ಧೆಯಲ್ಲಿ ಗೆದ್ದ ಜಾರ್ಜ್ ವಿಟೆಟ್ಟರ ವಿನ್ಯಾಸದಂತೆ ಕಟ್ಟಡ 1914ರಲ್ಲಿ ಸಿದ್ಧವಾಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಅದು ಸೈನಿಕರ ಆಸ್ಪತ್ರೆಯಾಗಿ ಬಳಕೆಯಾಯಿತು. ಸಾರ್ವಜನಿಕರಿಗೆ ಅದು ತೆರೆದದ್ದು 1922ರ ಜನವರಿಯಲ್ಲಿ. ಅದರ ಶಿಲ್ಪ ಮತ್ತು ನಾಣ್ಯಗಳ ವಿಭಾಗಕ್ಕೆ ಪುಣೆಯಲ್ಲಿದ್ದ ಹಳೆಯ ವಸ್ತುಸಂಗ್ರಹಾಲಯದ ಮತ್ತು ಮುಂಬಯಿಯ ರಾಯಲ್ ಏಷಿಯಾಟಿಕ್ ಸೊಸೈಟಿ ಶಾಖೆಯ ಸಂಗ್ರಹಗಳು ತಳಹದಿಯಾದವು. ಇದು ಗಮನಾರ್ಹ ಸಂಗತಿ. ಕನ್ನಡ ಜಿಲ್ಲೆಯಿಂದ ಹೊರಟ ಒಂದು ವಸ್ತು ಇಲ್ಲಿಗೆ ನೇರವಾಗಿ ಬಂದಿರಬಹುದು, ಇಲ್ಲವೆ ನಡುವೆ ಒಂದೆರಡು ತಂಗುದಾಣಗಳನ್ನು ಕಂಡು ಬಂದಿರಬಹುದು. ಪ್ರತಿಯಿಂದ ಪ್ರತಿಗೆ ಸಾಗಿದ ಕಾವ್ಯದಂತೆ, ಪ್ರತಿಯೊಂದು ತಂಗುದಾಣದಲ್ಲಿಯೂ ವಸ್ತುವಿನ ವಿವರಗಳಲ್ಲಿ ಏನಾದರೊಂದು ಉಳಿದಿರುತ್ತದೆ, ಏನಾದರೊಂದು ಲೋಪವಾಗಿರುತ್ತದೆ.

3. ಭುವನೇಶ್ವರಿಯ ಮೂರು ಫಲಕಗಳು

ಈ ಸಂಗ್ರಹಾಲಯದ ಚಾಲುಕ್ಯ ಶಿಲ್ಪಗಳಲ್ಲಿ ಐಹೊಳೆಯ ಬ್ರಹ್ಮ, ವಿಷ್ಣು, ಶಿವ ಫಲಕಗಳು ಬಹು ಪ್ರಸಿದ್ಧವಾದವು. ಹುಚ್ಚಪ್ಪಯ್ಯನ ಹೆಸರು ಹೊತ್ತ ದೇವಾಲಯದ ಒಳಮಾಳಿಗೆಗೆ ಸೇರಿದ್ದ ಇವನ್ನು ಸಾಮಾನ್ಯವಾಗಿ ಏಳನೆಯ ಶತಮಾನಕ್ಕೆ ಹಚ್ಚಲಾಗಿದೆ. ಐಹೊಳೆಯದೇ ಆದ ಗಗನಗಾಮಿ ಗಂಧರ್ವ ದಂಪತಿಗಳ ಫಲಕ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಐದುನೂರ್ವರು ಸ್ವಾಮಿಗಳೆಂಬ ವರ್ತಕಸಂಘದ ಮೂಲಕ ಒಂದು ಕಾಲಕ್ಕೆ ದಕ್ಷಿಣದ ಕಡಲತೀರಗಳವರೆಗೆ ಹೆಸರು ಹಬ್ಬಿಸಿದ್ದ ಅಯ್ಯಾವೊಳೆಯ ಕಲ್ಲುಗಳು ಇಂದು ದೇಶದ ಎರಡು ಮಹಾನಗರಗಳಲ್ಲಿ ಹಂಚಿಹೋಗಿವೆ.

ನಮ್ಮ ಶಿಲ್ಪಿಗಳ ಮಾತಿನಲ್ಲಿ ಒಳಮಾಳಿಗೆಯ ಅಲಂಕೃತ ಭಾಗಕ್ಕೆ ಭುವನೇಶ್ವರಿ ಎಂಬ ಹೆಸರಿದೆ. ಅದು ತಲೆಯೆತ್ತಿ ನೋಡಬೇಕಾದ ಶಿಲ್ಪ. ಮಂಟಪದಲ್ಲಿ ಗರ್ಭಗೃಹದ ಕಡೆಗೆ ಸಾಗುವ ಭಕ್ತನ ನಡಿಗೆಯೊಂದಿಗೆ ಅದರ ಅನುಕ್ರಮ ಹೊಂದಿಕೊಂಡಿರುತ್ತದೆ. ಬ್ರಹ್ಮ, ವಿಷ್ಣು, ಶಿವರಲ್ಲಿ ಮೊದಲು ಯಾರು, ಗರ್ಭಗೃಹಕ್ಕೆ ಹತ್ತಿರ ಯಾರು ಎಂಬುದು ಆ ದೇವಾಲಯದ ಮತದೃಷ್ಟಿಯನ್ನು ಹೇಳುವ ವಾಕ್ಯರಚನೆಯೇ ಸರಿ. ಮಾಳಿಗೆಯಿಂದ ಬೇರ್ಪಟ್ಟು ಸಂಗ್ರಹಾಲಯಕ್ಕೆ ಬಂದಾಗ ಫಲಕ ಒಂದು ಬಿಡಿ ಕಲಾಕೃತಿಯಾಗುತ್ತದೆ. ಅದರ ಸೌಂದರ್ಯಕ್ಕೆ ಕುಂದಿಲ್ಲ. ಕೆಲವು ವೇಳೆ ಕತ್ತಲ ಮಂಟಪದಲ್ಲಿ ಕಾಣದಿದ್ದ ಸೂಕ್ಷ್ಮಗಳು ಇಲ್ಲಿ ಕಣ್ಣಿಗೆ ಬೀಳುತ್ತವೆ. ಆದರೆ ವಾಕ್ಯದಿಂದ ಕಿತ್ತ ಪದದಂತೆ ಅದರ ಅನ್ವಯ ಕೈಬಿಟ್ಟುಹೋಗುತ್ತದೆ. ಮುಂಬಯಿಯ ಫಲಕ ಮತ್ತು ಐಹೊಳೆಯ ಕಟ್ಟಡ ಇವೆರಡನ್ನೂ ಕೂಡಿಸಿ ಓದಿದಾಗ ಮಾತ್ರ ಆ ಅನ್ವಯ ಮರಳಿ ದೊರೆಯುವುದು ಸಾಧ್ಯ.

ಇಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ಚಾಲುಕ್ಯ ಶಿಲ್ಪಿಗಳು ಅನಾಮಧೇಯರಾಗಿರಲಿಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಕಟ್ಟಿದ ಗುಂಡನೆಂಬ ಸೂತ್ರಧಾರಿಗೆ ಅನಿವಾರಿತಾಚಾರಿ ಎಂಬ ಬಿರುದಿತ್ತು. ಅದೇ ದೇವಾಲಯದ ಇನ್ನೊಂದು ಶಾಸನ ಸರ್ವಸಿದ್ಧಿ ಆಚಾರಿಯನ್ನು ಹೊಗಳುತ್ತದೆ. ಐಹೊಳೆಯ ಶಾಸನವೊಂದರಲ್ಲಿ ನರಸೊಬ್ಬನೆಂಬ ಶಿಲ್ಪಿಯ ಪ್ರಶಂಸೆಯಿದೆ. ಕಾವ್ಯದ ಕೊನೆಯಲ್ಲಿ ಕವಿಯ ಅಂಕಿತ ಬರುವಂತೆ ಈ ಹೆಸರುಗಳು ಕಟ್ಟಡದ ಮೈಮೇಲೆಯೇ ಇವೆ. ಕಟ್ಟಡದಿಂದ ಬೇರೆಯಾದ ಫಲಕದೊಂದಿಗೆ ಅಂಥ ಅಂಕಿತ ಬರುವ ಸಾಧ್ಯತೆ ಕಡಿಮೆ. ಸಂಗ್ರಹಾಲಯದ ವಿವರಣೆಯಲ್ಲಿ ಬಾದಾಮಿ ಚಾಲುಕ್ಯ ಎಂಬ ರಾಜವಂಶದ ಹೆಸರೇ ಕರ್ತೃವಿನ ಸ್ಥಾನವನ್ನು ಆಕ್ರಮಿಸುವುದು ಹೀಗೆ. ಎಲ್ಲ ಫಲಕಗಳಿಗೂ ಶಿಲ್ಪಿಯ ಹೆಸರನ್ನು ಹುಡುಕಿಕೊಡುವುದು ಅಸಾಧ್ಯ. ಆದರೆ ಆ ಊರಿನ, ಆ ಕಾಲದ ಶಿಲ್ಪಿಗಳ ಹೆಸರುಗಳು ಶಾಸನಗಳಲ್ಲಿ ಉಳಿದಿವೆ ಎಂಬ ಒಂದು ಮಾತನ್ನು ಸೇರಿಸಿದರೂ ನೋಡುವವನ ತಿಳಿವಳಿಕೆ ಬದಲಾಗುತ್ತದೆ.

4. ವಿವರಣಪಟ್ಟಿಯ ಪಾಠವಿಮರ್ಶೆ

ಹಸ್ತಪ್ರತಿಯ ಕಾಲವನ್ನು ನಿರ್ಣಯಿಸುವಾಗ ಲಿಪಿಯನ್ನೂ ಪುಷ್ಪಿಕೆಯನ್ನೂ ನೋಡುವಂತೆ, ವಸ್ತುವಿನ ಕುರಿತ ಹಳೆಯ ದಾಖಲೆಯ ಕಾಲವನ್ನು ಅದರಲ್ಲಿರುವ ಸ್ಥಳನಾಮಗಳಿಂದ ಗುರುತಿಸಬಹುದು. ಐಹೊಳೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1885ಕ್ಕೆ ಮುಂಚಿನ ಬರಹಗಳಲ್ಲಿ ಈ ಊರು ಕಲಾದಗಿ ಜಿಲ್ಲೆಯದು. ಆ ವರ್ಷ ಜಿಲ್ಲಾಕೇಂದ್ರ ಬಿಜಾಪುರಕ್ಕೆ ಹೋದ ಮೇಲೆ ಅದು ಬಿಜಾಪುರ ಜಿಲ್ಲೆಯದು. 1997ರಲ್ಲಿ ಹೊಸ ಜಿಲ್ಲೆ ರಚನೆಯಾದ ಮೇಲೆ ಬಾಗಲಕೋಟೆ ಜಿಲ್ಲೆಯದು. ಪ್ರಾಂತ್ಯದ ಹೆಸರೂ ಹೀಗೆಯೇ: ಮುಂಬಯಿ ಇಲಾಖೆ, ಸ್ವಾತಂತ್ರ್ಯಾನಂತರ ಮುಂಬಯಿ ರಾಜ್ಯ, 1956ರಿಂದ ಮೈಸೂರು ರಾಜ್ಯ, 1973ರಿಂದ ಕರ್ನಾಟಕ. ಬಿಜಾಪುರವೇ ಇಂದು ವಿಜಯಪುರವಾಗಿದೆ. ಒಂದು ದಾಖಲೆಯಲ್ಲಿ ಕಲಾದಗಿ ಎಂದಿದ್ದರೆ ಅದರ ಮೂಲ 1885ಕ್ಕೆ ಹಿಂದಿನ ಬರಹವೊಂದರಲ್ಲಿ ಇರಬಹುದೆಂದು ಊಹಿಸಲು ಅವಕಾಶವಿದೆ. ಬಿಜಾಪುರ ಎಂದಿದ್ದರೆ ಒಂದು ಶತಮಾನಕ್ಕೂ ಮಿಕ್ಕ ದೀರ್ಘಾವಧಿಯ ಯಾವುದೋ ಘಟ್ಟದಲ್ಲಿ ಅದನ್ನು ಬರೆದಿರಬೇಕು. ಹಳೆಯ ಹೆಸರನ್ನೇ ನಕಲು ಮಾಡುತ್ತ ಬಂದ ಲಿಪಿಕಾರನ ಜಾಡ್ಯಕ್ಕೂ ಇಲ್ಲಿ ಎಡೆಯುಂಟೆಂಬುದನ್ನು ಮರೆಯಬಾರದು.

ಸಂಸ್ಥೆಗಳ ಹೆಸರುಗಳೂ ಬದಲಾಗಿವೆ. ಮೇಲೆ ಹೇಳಿದ ವಸ್ತುಸಂಗ್ರಹಾಲಯ 1998ರವರೆಗೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಆಗಿತ್ತು. ಭಾಯಖಳೆಯ ಡಾ. ಭಾವು ದಾಜಿ ಲಾಡ್ ಸಂಗ್ರಹಾಲಯ 1975ರವರೆಗೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎಂಬ ಹೆಸರಿನಲ್ಲಿತ್ತು. ನಗರದ ಅಧಿಕೃತ ಹೆಸರೇ 1995ರಲ್ಲಿ ಬದಲಾಯಿತು. ಒಂದೇ ಶಿಲ್ಪ ಹಳೆಯ ಗ್ರಂಥವೊಂದರಲ್ಲಿ ಒಂದು ಹೆಸರಿನ ಕೆಳಗೆ, ಇತ್ತೀಚಿನ ಸೂಚಿಯಲ್ಲಿ ಇನ್ನೊಂದು ಹೆಸರಿನ ಕೆಳಗೆ ಬರುವುದರಿಂದ ಎರಡು ಬೇರೆ ಶಿಲ್ಪಗಳೆಂಬ ಭ್ರಮೆ ಹುಟ್ಟಬಹುದು.

ದೇವಾಲಯದ ಹೆಸರಿನಲ್ಲಿಯೂ ಇದೇ ಎಚ್ಚರ ಅಗತ್ಯ. ಐಹೊಳೆಯ ಅನೇಕ ಗುಡಿಗಳಿಗೆ ಈಗಿರುವ ಹೆಸರುಗಳು ನಂತರದವು. ಲಾಡಖಾನ ಗುಡಿಗೆ ಆ ಹೆಸರು ಬಂದದ್ದು ಅದರಲ್ಲಿ ವಾಸವಾಗಿದ್ದ ವ್ಯಕ್ತಿಯಿಂದ. ದುರ್ಗದ ಗುಡಿಯ ಹೆಸರಿನಲ್ಲಿರುವುದು ದೇವಿಯಲ್ಲ, ಕೋಟೆ. ಅಲ್ಲಿಯ ಶಾಸನದಿಂದ ಅದು ಆದಿತ್ಯನ ಆಲಯವೆಂದು ತಿಳಿಯುತ್ತದೆ. ಹೊರಭಾಷೆಯ ವಿವರಣೆಯಲ್ಲಿ ಈ ಹೆಸರುಗಳು ಬಂದಾಗ ದುರ್ಗದ ಗುಡಿ ದುರ್ಗಾದೇವಿಯ ಗುಡಿಯಾಗಿಬಿಡುವುದು ಬಲು ಸುಲಭ. ಕನ್ನಡ ಬಲ್ಲವರು ಒಂದು ವಿಭಕ್ತಿಪ್ರತ್ಯಯವನ್ನು ತಿದ್ದಿಕೊಟ್ಟರೆ ಸಾಕು, ಒಂದು ದೊಡ್ಡ ತಪ್ಪು ನಿಂತುಹೋಗುತ್ತದೆ.

5. ಕಟ್ಟಡವೇ ಸಾಕ್ಷಿ

ಒಳಗಿನ ವಸ್ತುಗಳಷ್ಟೇ ಅಲ್ಲ, ಸಂಗ್ರಹಾಲಯದ ಕಟ್ಟಡವೂ ನಮ್ಮ ವಿಷಯಕ್ಕೆ ಸಂಬಂಧಿಸಿದೆ. ಕುರ್ಲಾದ ಬೂದುಬಣ್ಣದ ಕಲ್ಲು ಹಾಗೂ ಮಾಲಾಡದ ಹಳದಿಛಾಯೆಯ ಕಲ್ಲಿನಿಂದ ಕಟ್ಟಿದ ಈ ಭವನದ ಗುಮ್ಮಟಕ್ಕೆ ಗೋಲ್ಕೊಂಡದ ಮಾದರಿಯನ್ನೂ, ಅದನ್ನು ಒಳಗೆ ಹೊತ್ತ ಕಮಾನುಗಳಿಗೆ ಬಿಜಾಪುರದ ಗೋಲಗುಮ್ಮಟದ ಮಾದರಿಯನ್ನೂ ಹೇಳುತ್ತಾರೆ. ಜಾನ್ ಬೆಗ್ ವಿನ್ಯಾಸಗೊಳಿಸಿ 1913ರಲ್ಲಿ ಮುಗಿದ ಪ್ರಧಾನ ಅಂಚೆ ಕಚೇರಿಯ ಮೇಲಿನ ಗುಮ್ಮಟವೂ ಗೋಲಗುಮ್ಮಟದ ಸ್ಮರಣೆಯಲ್ಲಿಯೇ ಎದ್ದದ್ದು. ಮುಹಮ್ಮದ್ ಆದಿಲಶಾಹನ ಗೋರಿಯ ಮೇಲಿನ ಗುಮ್ಮಟ ಇಲಾಖೆಯ ರಾಜಧಾನಿಯಲ್ಲಿ ಅಂಚೆಮನೆಯ ನೆತ್ತಿಗೆ ಏರಿತು. ಬಿಜಾಪುರದ ಅಳತೆಗಳು ಮತ್ತು ಚಿತ್ರಗಳು ಆ ವೇಳೆಗಾಗಲೇ ಮುದ್ರಿತ ಸಂಪುಟಗಳಲ್ಲಿ ದೊರೆಯುತ್ತಿದ್ದವು. ಮುಂಬಯಿಯ ವಾಸ್ತುಶಿಲ್ಪಿಗಳಿಗೆ ಸರ್ವೇಕ್ಷಣೆ ಎಂಬುದು ಮಾದರಿಗಳ ಭಂಡಾರವೂ ಆಗಿತ್ತು.

ಆದರೆ ಇಲ್ಲಿ ಒಂದು ಮಿತಿಯನ್ನು ಹಾಕಿಕೊಳ್ಳಬೇಕಾಗುತ್ತದೆ. ಬಿಜಾಪುರದ ವಾಸ್ತುವನ್ನಾಗಲಿ, ದಖ್ಖನಿ ಶೈಲಿಯ ಕಿರುಚಿತ್ರಗಳನ್ನಾಗಲಿ ಅವುಗಳ ನೆಲ ಇಂದು ಕರ್ನಾಟಕದಲ್ಲಿದೆ ಎಂಬ ಒಂದೇ ಕಾರಣಕ್ಕೆ ಕನ್ನಡದ ಕಲೆ ಎಂದು ಕರೆಯುವುದು ಸರಿಯಾಗಲಾರದು. ಆ ಆಸ್ಥಾನದ ಭಾಷೆಗಳು ಪಾರಸಿ ಮತ್ತು ದಖನಿ. ಅದರ ಪೋಷಣೆಯಲ್ಲಿ ಹಲವು ನಾಡುಗಳ ಕುಶಲಿಗಳಿದ್ದರು. ಭಾಷೆ, ನೆಲ, ಆಶ್ರಯ ಈ ಮೂರನ್ನೂ ಬೇರೆ ಬೇರೆಯಾಗಿ ನಮೂದಿಸುವುದೇ ಶಾಸ್ತ್ರೀಯ ಕ್ರಮ. ನಮ್ಮ ಹುಡುಕಾಟ ಹಕ್ಕುಸ್ಥಾಪನೆಯಾಗಬಾರದೆಂಬ ಎಚ್ಚರ ಎಲ್ಲ ಕಡೆಯೂ ಇರತಕ್ಕದ್ದು.

6. ಕಡಿಮೆ ಜನ ಕಾಣುವ ಕೋಣೆಗಳು

ಭಾಯಖಳೆಯ ಜಿಜಾಮಾತಾ ಉದ್ಯಾನದೊಳಗಿರುವ ಭಾವು ದಾಜಿ ಲಾಡ್ ಸಂಗ್ರಹಾಲಯ ನಗರದ ಅತ್ಯಂತ ಹಳೆಯ ಸಂಗ್ರಹಾಲಯ. ಅದರ ಮೂಲ 1855ರ ಪ್ಯಾರಿಸ್ ಪ್ರದರ್ಶನದ ಸಂದರ್ಭದಲ್ಲಿ ಕೂಡಿಹಾಕಿದ ಇಲಾಖೆಯ ಉತ್ಪನ್ನಗಳಲ್ಲಿದೆ. ಈಗಿನ ಕಟ್ಟಡಕ್ಕೆ 1862ರಲ್ಲಿ ಅಡಿಗಲ್ಲು ಬಿದ್ದು 1872ರಲ್ಲಿ ಬಾಗಿಲು ತೆರೆಯಿತು. ದೀರ್ಘಕಾಲದ ಶೈಥಿಲ್ಯದ ನಂತರ ಜೀರ್ಣೋದ್ಧಾರಗೊಂಡು 2008ರಲ್ಲಿ ಮತ್ತೆ ತೆರೆಯಿತು. ಇಲ್ಲಿ ದೇವಶಿಲ್ಪಗಳಿಗಿಂತ ಕಸುಬಿನ ವಸ್ತುಗಳಿಗೆ, ಮಣ್ಣಿನ ಮಾದರಿಗಳಿಗೆ, ನಗರದ ನಕಾಶೆಗಳಿಗೆ ಪ್ರಾಧಾನ್ಯ. ಇಲಾಖೆಯ ಕೈಗಾರಿಕೆ ಮತ್ತು ಬೆಳೆಗಳನ್ನು ಒಂದೆಡೆ ತೋರಿಸುವ ಉದ್ದೇಶದಿಂದ ಹುಟ್ಟಿದ ಈ ಸಂಗ್ರಹದ ಹಳೆಯ ಪಟ್ಟಿಗಳನ್ನು ಕನ್ನಡ ಜಿಲ್ಲೆಗಳ ಅರಳೆ, ನೇಯ್ಗೆ, ಕಟ್ಟಿಗೆ ಕೆಲಸಗಳ ದೃಷ್ಟಿಯಿಂದ ಪರಿಶೀಲಿಸುವುದು ಆರ್ಥಿಕ ಚರಿತ್ರೆಯ ಸಂಶೋಧಕರಿಗೆ ಬಿಟ್ಟ ಕೆಲಸ.

ಕೋಟೆ ಪ್ರದೇಶದ ಟೌನ್ ಹಾಲ್ 1833ರಷ್ಟು ಹಿಂದಿನದು. 1804ರಲ್ಲಿ ಹುಟ್ಟಿದ ವಿದ್ವತ್ಸಂಘ ಇಂದು ಮುಂಬಯಿ ಏಷಿಯಾಟಿಕ್ ಸೊಸೈಟಿಯೆಂಬ ಹೆಸರಿನಲ್ಲಿ ಅಲ್ಲಿಯೇ ಇದೆ. ಅದರ ನಿಯತಕಾಲಿಕೆಯ ಹಳೆಯ ಸಂಪುಟಗಳು ಕರ್ನಾಟಕದ ಶಾಸನಶಾಸ್ತ್ರದ ಬಾಲ್ಯವನ್ನು ತಿಳಿಯಲು ಅತ್ಯವಶ್ಯ. ವಸ್ತುಗಳು ಒಂದು ಸಂಸ್ಥೆಗೂ, ಅವುಗಳನ್ನು ಕುರಿತ ಚರ್ಚೆ ಇನ್ನೊಂದು ಸಂಸ್ಥೆಗೂ ಸೇರಿಹೋಗಿರುವ ಮುಂಬಯಿಯಲ್ಲಿ ಇವೆರಡರ ನಡುವೆ ಓಡಾಡದೆ ಕೆಲಸ ಸಾಗದು.

ಸಂತ ಝೇವಿಯರ್ ಕಾಲೇಜಿನ ಹೇರಾಸ್ ಸಂಸ್ಥೆಯ ಸಂಗತಿ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಸ್ಪೇನಿನಿಂದ ಬಂದ ಪಾದ್ರಿ ಹೆನ್ರಿ ಹೇರಾಸ್ 1926ರಲ್ಲಿ ಇದನ್ನು ಭಾರತೀಯ ಇತಿಹಾಸ ಸಂಶೋಧನ ಸಂಸ್ಥೆಯಾಗಿ ಆರಂಭಿಸಿದರು. ಮರುವರ್ಷವೇ ವಿಜಯನಗರದ ಅರವೀಡು ವಂಶವನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು. ಅವರ ಶಿಷ್ಯ ಜಾರ್ಜ್ ಮೊರಾಯಿಸ್ 1931ರಲ್ಲಿ ಕದಂಬಕುಲದ ಚರಿತ್ರೆಯನ್ನು ಹೊರತಂದರು. ಕನ್ನಡದ ಮೊದಲ ರಾಜಮನೆತನವೆಂದು ನಾವು ಹೇಳಿಕೊಳ್ಳುವ ವಂಶದ ಈ ಮಹತ್ವದ ಅಧ್ಯಯನ ರೂಪುಗೊಂಡದ್ದು ಮುಂಬಯಿಯ ಒಂದು ಕಾಲೇಜಿನ ಕೋಣೆಯಲ್ಲಿ. ಸಂಶೋಧನೆ, ಗ್ರಂಥಾಲಯ, ವಸ್ತುಸಂಗ್ರಹ ಇವು ಒಂದೇ ಸೂರಿನ ಕೆಳಗೆ ಇರಬೇಕೆಂಬ ಹೇರಾಸರ ಕಲ್ಪನೆ ಇಂದಿನ ನಮ್ಮ ಅಧ್ಯಯನಪೀಠಗಳಿಗೂ ಮಾದರಿಯಾಗಬಲ್ಲದು.

ಸಂಗ್ರಹಾಲಯದ ಗೋಡೆಗಳ ಹೊರಗಿನ ಒಂದು ಸಂಗ್ರಹವನ್ನೂ ಇಲ್ಲಿ ಸೂಚಿಸಬಹುದು. ಬೋರಿವಲಿಯ ಎಕ್ಸಾರಿನಲ್ಲಿ ಸಾಲಾಗಿ ನಿಂತ ವೀರಗಲ್ಲುಗಳಲ್ಲಿ ಕೆಲವು ಹಡಗುಗಳ ಕಾಳಗವನ್ನು ಕೆತ್ತಿವೆ. ಇವು ಉತ್ತರ ಕೊಂಕಣದ ಶಿಲಾಹಾರರ ಚರಿತ್ರೆಗೆ ಸಂಬಂಧಿಸಿದವೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ರಾಷ್ಟ್ರಕೂಟರ ಸಾಮಂತರಾಗಿ ಮೇಲೆ ಬಂದ ಈ ಮನೆತನದವರನ್ನು ಕನ್ನಡ ಚರಿತ್ರೆ ಪೂರ್ತಿ ಹೊರಗಿಡಲಾರದು. ವೀರಗಲ್ಲುಗಳ ಅಂತಸ್ತುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ ಬಲ್ಲ ಕನ್ನಡ ಸಂಶೋಧಕರಿಗೆ ಈ ಕಲ್ಲುಗಳ ಭಾಷೆ ಅಪರಿಚಿತವೆನಿಸದು. ಇಲ್ಲಿ ಕೊನೆಯ ಅಂತಸ್ತಿನ ಸ್ವರ್ಗ ಪರಿಚಿತ, ಕೆಳಗಿನ ಕಡಲು ಮಾತ್ರ ಹೊಸತು.

7. ಜನ ಬಂದ ದಾರಿ

ಶಿಲೆಗಳು ಆಡಳಿತದ ಗಡಿಯನ್ನು ಅನುಸರಿಸಿ ಬಂದವು. ಕಲಾವಿದರು ಹಾಗೆ ಬರಲಿಲ್ಲ. ಧಾರವಾಡದ ಡಿ.ವಿ. ಹಾಲಭಾವಿಯವರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತದ್ದು ಇಲಾಖೆಯ ಸಹಜ ಹಾದಿ. 1857ರಲ್ಲಿ ಆರಂಭವಾದ ಆ ಶಾಲೆ ಇಡೀ ಇಲಾಖೆಗೆ ಚಿತ್ರಕಲಾಶಿಕ್ಷಣದ ಕೇಂದ್ರವಾಗಿತ್ತು. ಆದರೆ ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ಜಿಲ್ಲೆ ಮದರಾಸು ಇಲಾಖೆಯದು. 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರ ಕಲಬುರಗಿ ನಿಜಾಮನ 

ರಾಜ್ಯದ್ದು. ಮೂರು ಬೇರೆ ಆಡಳಿತಗಳ ಕೆಳಗಿದ್ದ ಮೂವರು ಕನ್ನಡ ನೆಲದವರನ್ನು ಒಂದೇ ನಗರ ಸೆಳೆಯಿತು. ಕರ್ನಾಟಕದ ಏಕೀಕರಣ 1956ರಲ್ಲಿ ಆಯಿತೆಂದು ನಾವು ಓದುತ್ತೇವೆ. ಚಿತ್ರಕಲೆಯ ಮಟ್ಟಿಗೆ ಹರಿದುಹಂಚಿದ್ದ ಕನ್ನಡ ಪ್ರಾಂತಗಳು ಅದಕ್ಕೆ ಮೊದಲೇ ಮುಂಬಯಿಯಲ್ಲಿ ಪರಸ್ಪರ ಭೇಟಿಯಾಗಿದ್ದವು.

ಪಂಡಿತರ ಕೆಲಸದ ಕ್ಷೇತ್ರ ಚಿತ್ರಶಾಲೆಯಾಗಿರಲಿಲ್ಲ. ಚಲನಚಿತ್ರಗಳ ಜಾಹೀರಾತು ಫಲಕಗಳಿಗೂ ಪತ್ರಿಕೆಗಳ ಹೊದಿಕೆಗಳಿಗೂ ಅವರು ಚಿತ್ರ ಬರೆದರು. ಅವರ ಪೌರಾಣಿಕ ಚಿತ್ರಗಳು ಕ್ಯಾಲೆಂಡರುಗಳಲ್ಲಿ ಅಚ್ಚಾಗಿ ಮನೆಮನೆಯ ಗೋಡೆಗಳನ್ನು ಸೇರಿದವು. ಕಲಾಚರಿತ್ರೆ ಇಂಥ ಕೆಲಸವನ್ನು ಬಹುಕಾಲ ಹೊಸ್ತಿಲ ಹೊರಗೇ ನಿಲ್ಲಿಸಿತ್ತು. ಆದರೆ ಭೀಷ್ಮನ ಮುಖ, ದ್ರೌಪದಿಯ ನಿಲುವು ಹೀಗಿರಬೇಕೆಂಬ ಜನಸಾಮಾನ್ಯರ ಕಲ್ಪನೆಯನ್ನು ರೂಪಿಸುವಲ್ಲಿ ಅಚ್ಚಿನ ಚಿತ್ರಗಳ ಪಾತ್ರ ದೊಡ್ಡದು. ಪಟ್ಟದಕಲ್ಲಿನ ಕಂಬದಿಂದ ಕ್ಯಾಲೆಂಡರಿನವರೆಗೆ ಕಥೆಯನ್ನು ಚಿತ್ರಿಸುವ ಒಂದು ದೀರ್ಘ ಪರಂಪರೆಯಿದೆ. ಸಾಹಿತ್ಯಚರಿತ್ರಕಾರರು ಅದರ ಎರಡೂ ತುದಿಗಳನ್ನು ನೋಡಬೇಕಾಗುತ್ತದೆ.

ಹೆಬ್ಬಾರರು ಮೈಸೂರಿನಲ್ಲಿ ಕೆಲಕಾಲ ಕಲಿತು ಮುಂಬಯಿಗೆ ಬಂದರು. ಜೆ.ಜೆ. ಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದು ಬಳಿಕ ಅಲ್ಲಿಯೇ ಬೋಧಿಸಿದರು. ಆಮೇಲೆ ಪ್ಯಾರಿಸಿನಲ್ಲಿ ಅಭ್ಯಾಸ ಮಾಡಿದರು. ಅಂಗಭಂಗಿಯ ಲಯವನ್ನು ಅರಿಯುವ ಸಲುವಾಗಿ ಕಥಕ್ ನೃತ್ಯವನ್ನೂ ಕಲಿತರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. ಇಷ್ಟನ್ನು ಅವರ ಕುರಿತ ಬರಹಗಳೆಲ್ಲ ಹೇಳುತ್ತವೆ. ನಮ್ಮ ದೃಷ್ಟಿಯಿಂದ ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ನಗರದ ಕಲಾವಿದರಿಗೆ ಸುಲಭವಾಗಿ ದೊರೆಯುವ ಪ್ರದರ್ಶನಸ್ಥಳ ಬೇಕೆಂದು ಹೆಬ್ಬಾರರೂ ವಿಜ್ಞಾನಿ ಹೋಮಿ ಭಾಭಾ ಅವರೂ ಒತ್ತಾಯಿಸಿದ ಫಲವಾಗಿ ಸರ್ ಕಾವಸಜಿ ಜಹಾಂಗೀರರ ದಾನದಿಂದ 1952ರಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿ ತೆರೆಯಿತು. ದೇಶದ ಮೂಲೆಮೂಲೆಯ ಕಲಾವಿದರು ತಮ್ಮ ಸರದಿಗಾಗಿ ವರ್ಷಗಟ್ಟಲೆ ಕಾಯುವ ಗೋಡೆಗಳವು. ಆ ಗೋಡೆಗಳ ಹಿಂದೆ ಒಬ್ಬ ತುಳುನಾಡಿನ ಕನ್ನಡಿಗನ ಒತ್ತಾಸೆಯಿದೆ ಎಂಬುದು ಅಲ್ಲಿಗೆ ಬರುವ ಬಹುಜನರಿಗೆ ತಿಳಿಯದು.

ಭಾಭಾ ಅವರ ಆಸಕ್ತಿಯಿಂದಲೇ ಬೆಳೆದ ಇನ್ನೊಂದು ಸಂಗ್ರಹ ಕೊಲಾಬಾದ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿದೆ. 1945ರಲ್ಲಿ ಬೆಂಗಳೂರಿನಲ್ಲಿ ಕೆಲಸವಾರಂಭಿಸಿ ಅದೇ ವರ್ಷ ಮುಂಬಯಿಗೆ ಬಂದ ಆ ಸಂಸ್ಥೆಯ ಮೊಗಸಾಲೆಗಳಲ್ಲಿ ಸ್ವಾತಂತ್ರ್ಯೋತ್ತರ ಭಾರತದ ಪ್ರಮುಖ ಕಲಾವಿದರ ಕೃತಿಗಳಿವೆ. ಹೆಬ್ಬಾರರ ಚಿತ್ರಗಳೂ ಅವುಗಳಲ್ಲಿ ಸೇರಿವೆ. ವಿಟೆಟ್ಟರೇ ಕಟ್ಟಿದ 1911ರ ಕಾವಸಜಿ ಜಹಾಂಗೀರ್ ಸಭಾಭವನ 1996ರಲ್ಲಿ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯದ ಮುಂಬಯಿ ಶಾಖೆಯಾಯಿತು. ಹೆಬ್ಬಾರರು ತೀರಿಕೊಂಡದ್ದು ಅದೇ ವರ್ಷ.

ಈ ಕಲಾವಿದರ ಕೃತಿಗಳು ಒಂದೇ ದಿಕ್ಕಿನಲ್ಲಿ ಚಲಿಸಿಲ್ಲ. ಹೆಬ್ಬಾರರು ನೀಡಿದ ಚಿತ್ರಗಳ ಒಂದು ಸಂಗ್ರಹ ಬೆಂಗಳೂರಿನ ವೆಂಕಟಪ್ಪ ಕಲಾಶಾಲೆಯಲ್ಲಿದೆ. ಪಂಡಿತರ ಕೃತಿಗಳ ಸಂಗ್ರಹಾಲಯ ಕಲಬುರಗಿಯಲ್ಲಿದೆ. ಶಿಲೆಗಳು ಕರ್ನಾಟಕದಿಂದ ಮುಂಬಯಿಗೆ ಹೋದರೆ, ಚಿತ್ರಗಳು ಮುಂಬಯಿಯಿಂದ ಕರ್ನಾಟಕಕ್ಕೂ ಬಂದವು. ಹೀಗೆ ಹಂಚಿಹೋದ ಕೃತಿಗಳನ್ನು ಒಂದೇ ಸೂಚಿಯಲ್ಲಿ ಕಾಣುವಂತಾದರೆ ಮಾತ್ರ ಕಲಾವಿದನ ಪೂರ್ಣ ಚಿತ್ರ ದೊರಕೀತು.

8. ಮುಂದಿನ ಕೆಲಸ

ಹೊರಗೆ ಹೋದ ಶಿಲ್ಪಗಳು ಮರಳಿ ಬರಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಒಡೆತನದ ಪ್ರಶ್ನೆಯನ್ನು ಕಾನೂನು ಬಲ್ಲವರೂ ಸರಕಾರಗಳೂ ಚರ್ಚಿಸಲಿ. ಅದರ ತೀರ್ಮಾನಕ್ಕಾಗಿ ಕಾಯದೆ ಸಂಶೋಧಕರು ಈಗಲೇ ಮಾಡಬಹುದಾದ ಕೆಲಸವೆಂದರೆ ಸಂಬಂಧವನ್ನು ಮರುಸ್ಥಾಪಿಸುವುದು. ಅದಕ್ಕಾಗಿ ಮೂರು ಸೂಚನೆಗಳನ್ನು ಮುಂದಿಡುತ್ತೇವೆ.

ಮೊದಲನೆಯದು, ಮುಂಬಯಿಯ ಸಂಗ್ರಹಗಳಲ್ಲಿರುವ ಕನ್ನಡ ಜಿಲ್ಲೆಗಳ ವಸ್ತುಗಳ ಒಂದು ಕನ್ನಡ ಸೂಚಿ. ಇದರಲ್ಲಿ ಪ್ರತಿಯೊಂದು ವಸ್ತುವಿಗೂ ಊರಿನ ಇಂದಿನ ಮತ್ತು ಹಿಂದಿನ ಜಿಲ್ಲೆ, ದೇವಾಲಯದ ಬಳಕೆಯ ಹೆಸರು ಮತ್ತು ಶಾಸನೋಕ್ತ ಹೆಸರು, ಸಂಗ್ರಹಾಲಯಕ್ಕೆ ಬಂದ ಬಗೆ, ಮೂಲಸ್ಥಳದಲ್ಲಿ ಉಳಿದ ಭಾಗ, ಸಂಬಂಧಿಸಿದ ಶಾಸನ ಇವನ್ನು ನಮೂದಿಸಬೇಕು. ಭುವನೇಶ್ವರಿಯಂಥ ದೇಶೀಯ ಪರಿಭಾಷೆಯನ್ನು ಬಳಸಬೇಕು. ಐಹೊಳೆ, ಬಾದಾಮಿ, ವಿಜಯಪುರಗಳಲ್ಲಿ ಇಂದು ಪುರಾತತ್ತ್ವ ಇಲಾಖೆಯ ಸಂಗ್ರಹಾಲಯಗಳಿರುವುದರಿಂದ ಎರಡೂ ಕಡೆಯ ವಿವರಗಳನ್ನು ತಾಳೆ ನೋಡುವುದು ಹಿಂದಿಗಿಂತ ಸುಲಭ. ಅಂತರ್ಜಾಲದಲ್ಲಿ ದೊರೆಯುವ ಛಾಯಾಚಿತ್ರಗಳೂ ಇದಕ್ಕೆ ನೆರವಾಗುತ್ತವೆ.

ಎರಡನೆಯದು, ಮುಂಬಯಿಯಲ್ಲಿ ಕೆಲಸ ಮಾಡಿದ ಕನ್ನಡ ಕಲಾವಿದರ ಚರಿತ್ರಕೋಶ. 1888ರಿಂದ ನಡೆದುಬಂದ ಬಾಂಬೆ ಆರ್ಟ್ ಸೊಸೈಟಿಯ ವಾರ್ಷಿಕ ಪ್ರದರ್ಶನಗಳ ಪಟ್ಟಿಗಳು, ಚಿತ್ರಶಾಲೆಗಳ ಪ್ರದರ್ಶನ ಪತ್ರಿಕೆಗಳು, ಮುಂಬಯಿಯ ಕನ್ನಡ ಪತ್ರಿಕೆಗಳ ಹಳೆಯ ಸಂಚಿಕೆಗಳು ಇದಕ್ಕೆ ಆಕರಗಳು. ಇವುಗಳಲ್ಲಿ ಬಹಳಷ್ಟು ತೆಳುಹಾಳೆಯ ಕ್ಷಣಿಕ ಮುದ್ರಣಗಳು. ಶಿಲೆ ಇನ್ನೂ ಸಾವಿರ ವರ್ಷ ಕಾದೀತು, ಈ ಕಾಗದಗಳು ಕಾಯಲಾರವು. ಆದ್ದರಿಂದ ಈ ಕೆಲಸಕ್ಕೆ ಮೊದಲ ಆದ್ಯತೆ ಸಲ್ಲಬೇಕು.

ಮೂರನೆಯದು, ಇದೇ ಕ್ರಮವನ್ನು ಚೆನ್ನೈ, ಹೈದರಾಬಾದು, ಪುಣೆ, ದೆಹಲಿಗಳಿಗೆ ವಿಸ್ತರಿಸುವುದು. ಮದರಾಸು ಇಲಾಖೆ ಮತ್ತು ನಿಜಾಮ ರಾಜ್ಯದ ಕನ್ನಡ ಜಿಲ್ಲೆಗಳ ಚರಿತ್ರೆಯೂ ಆಯಾ ರಾಜಧಾನಿಗಳ ಸಂಗ್ರಹಗಳೊಂದಿಗೆ ಇದೇ ರೀತಿ ಬೆಸೆದುಕೊಂಡಿದೆ. ಒಂದೊಂದು ನಗರದ ಸಂಶೋಧಕರು ತಮ್ಮ ಸಮೀಪದ ಸಂಗ್ರಹದಿಂದ ಹತ್ತು ವಸ್ತುಗಳನ್ನು ಆರಿಸಿಕೊಂಡು ಮೇಲೆ ಹೇಳಿದ ವಿವರಗಳೊಂದಿಗೆ ಟಿಪ್ಪಣಿ ಬರೆದರೂ ಒಂದು ಉಪಯುಕ್ತ ಆರಂಭವಾದೀತು. ಮುಂಬಯಿಯ ಮಟ್ಟಿಗೆ ಐಹೊಳೆಯ ಮೂರು ಫಲಕಗಳಿಂದಲೇ ಅದನ್ನು ತೊಡಗುವುದು ಉಚಿತವೆಂದು ತೋರುತ್ತದೆ.